ಒಂದನೇ ಮೇಜಿನ ಕೈ

ನನ್ನ ಹಿರಿಯ ಸೊಸೆ ಬ್ರೆಡ್ಡಿನ ಕಾರ್ಖಾನೆಯಲ್ಲಿ ಹಿಟ್ಟು ಕತ್ತರಿಸುವವಳು. ನಾದಿದ ಹಿಟ್ಟಿನ ದೊಡ್ಡ ಮುದ್ದೆಯನ್ನು ಮೇಜಿನ ಮೇಲೆ ಹಾಕಿಕೊಂಡು ತಗಡಿನಿಂದ ತುಂಡು ಮಾಡುವುದು ಅವಳ ಕೆಲಸ. ಒಂದೊಂದು ತುಂಡೂ ನಾನೂರೈವತ್ತು ಗ್ರಾಂ ತೂಗಬೇಕು. ಬೆಂದು, ನೀರಿನಂಶ ಆರಿದ ಮೇಲೆ ಅದು ನಾನೂರು ಗ್ರಾಂ ಬ್ರೆಡ್ಡಾಗುತ್ತದೆ. ಇಂಥ ಮೇಜುಗಳು ಅಲ್ಲಿ ನಾಲ್ಕಿವೆ, ಪ್ರತಿ ಮೇಜಿಗೂ ಒಂದು ತಕ್ಕಡಿ. ಉಳಿದವರು ಕತ್ತರಿಸಿ, ತೂಗಿ, ಚಿಟಿಕೆ ಕಿತ್ತು, ಚಿಟಿಕೆ ಅಂಟಿಸಿ ಒದ್ದಾಡುತ್ತಾರೆ. ಕೆಲಸ ಜೋರಾದಾಗ ತೂಗದೆಯೇ ಮುಂದೆ ತಳ್ಳುತ್ತಾರೆ. ಒಂದನೇ ಮೇಜಿನ ಇವಳು ಮಾತ್ರ ಹತ್ತೊಂಬತ್ತು ವರ್ಷದಲ್ಲಿ ತಕ್ಕಡಿಯ ಕಡೆ ತಿರುಗಿದ್ದೇ ಕಡಿಮೆ. ಹೊಸದಾಗಿ ಸೇರಿದವರು ನಂಬದೆ ಪಂಥ ಕಟ್ಟುತ್ತಿದ್ದರಂತೆ. ಇವಳು ಸೊಂಟದ ಮೇಲೆ ಕೈಯಿಟ್ಟು, "ತೂಗಿ ನೋಡ್ಕೋ ಹೋಗು" ಎನ್ನುತ್ತಿದ್ದಳಂತೆ. ಪಂಥದಲ್ಲಿ ಸೋತವರು ಅವಳಿಗೆ ಚಹಾ ಕುಡಿಸಬೇಕು. ದಿನಕ್ಕೆ ಮೂರು ಲೋಟ ಬಿಟ್ಟಿ ಚಹಾ ಕುಡಿದು ಬಂದ ಕಾಲವೂ ಇತ್ತು.

ಆದರೆ ಆ ಕೈಯನ್ನು ಹೊತ್ತು ನಿಲ್ಲುವುದಕ್ಕೆ ಕಾಲುಗಳಿರಬೇಕಲ್ಲ. ಹತ್ತೊಂಬತ್ತು ವರ್ಷ ಸಿಮೆಂಟಿನ ನೆಲದ ಮೇಲೆ ದಿನಕ್ಕೆ ಎಂಟು ಗಂಟೆ ನಿಂತ ಕಾಲುಗಳು. ಸಂಜೆ ಮನೆಗೆ ಬಂದರೆ ಮೊದಲು ಬಿಸಿನೀರಿನ ಬೋಗುಣಿಯಲ್ಲಿ ಪಾದ ಇಳಿಬಿಟ್ಟು ಕೂರುತ್ತಾಳೆ. ಪಾದದ ಮೇಲೆ ಬೆರಳು ಒತ್ತಿದರೆ ಅಲ್ಲೊಂದು ಗುಳಿ ಬಿದ್ದು, ತುಂಬಿಕೊಳ್ಳಲು ಬಹಳ ಹೊತ್ತು ಹಿಡಿಯುತ್ತದೆ. ಅವಳಿಗೆ ಇದ್ದ ಆಸೆ ಒಂದೇ. ಉಳಿದ ವರ್ಷಗಳನ್ನಾದರೂ ಕೂತು ದುಡಿಯಬೇಕು.

ಕಿರಿಯ ಸೊಸೆಯೂ ಅದೇ ಕಾರ್ಖಾನೆಯಲ್ಲಿದ್ದಾಳೆ, ಕಚೇರಿಯ ಕಡೆ. ಯಾವ ಅಂಗಡಿಗೆ ಎಷ್ಟು ಬ್ರೆಡ್ಡು ಹೋಗಬೇಕು ಎಂದು ಕಂಪ್ಯೂಟರಿನಲ್ಲಿ ಹಾಕುವವಳು. ಆ ಕೆಲಸ ಕೊಡಿಸಿದ್ದು ಹಿರಿಯವಳೇ. ಮದುವೆಯಾಗಿ ಬಂದ ಮೂರನೇ ತಿಂಗಳಿಗೆ ಕೈ ಹಿಡಿದು ಕರೆದುಕೊಂಡು ಹೋಗಿ, "ನಮ್ಮ ಹುಡುಗಿ, ಓದಿದ್ದಾಳೆ" ಎಂದು ಮ್ಯಾನೇಜರ ಮುಂದೆ ನಿಲ್ಲಿಸಿದ್ದಳು. ಎರಡು ಜಡೆ ಒಂದು ಕಡೆ ಸೇರುವುದಿಲ್ಲ ಅನ್ನುತ್ತಾರೆ. ನಮ್ಮ ಮನೆಯಲ್ಲಿ ಐದು ವರ್ಷ ಸೇರಿಯೇ ಇದ್ದವು.

ಆಮೇಲೆ ಕಾರ್ಖಾನೆಗೆ ದೊಡ್ಡ ಗಿರಾಕಿಯೊಬ್ಬರು ಬಂದರು. ಊರೂರಿಗೆ ಅಂಗಡಿ ಇಟ್ಟಿರುವವರು. ಅವರದೊಂದು ಷರತ್ತು. ಪ್ರತಿದಿನ ತುಂಡುಗಳ ತೂಕ ತೆಗೆದು, ಸಂಖ್ಯಾಶಾಸ್ತ್ರದ ಪ್ರಕಾರ ನಕ್ಷೆ ಬರೆದು ತೋರಿಸಬೇಕು. ಅದಕ್ಕಾಗಿ ಕತ್ತರಿಸುವ ಕೋಣೆಯ ಮೂಲೆಯಲ್ಲಿ ಗಾಜಿನ ಗೂಡೊಂದನ್ನು ಕಟ್ಟಿಸಿದರು, ಒಳಗೆ ಮೇಜು, ಕುರ್ಚಿ. ಅಲ್ಲಿ ಕೂರುವವರಿಗೆ ತೂಕದ ಮೇಲ್ವಿಚಾರಕಿ ಎಂದು ಹೆಸರು. ವ್ಯಾಪಾರದ ಸಂಖ್ಯಾಶಾಸ್ತ್ರವನ್ನು ಎಂಟು ವಾರದಲ್ಲಿ ಕಲಿಸುವ ಕಾಲೇಜೊಂದು ಹೊರದೇಶದಲ್ಲಿದೆಯಂತೆ. ಕೆಲಸದಲ್ಲಿರುವವರಿಗೆಂದೇ ಮಾಡಿದ್ದು. ಕಾರ್ಖಾನೆಯಿಂದ ಒಬ್ಬರನ್ನು ಕಳಿಸುತ್ತೇವೆ ಎಂದರು.

ಹಿರಿಯವಳು ಅವತ್ತು ಬೋಗುಣಿಯಲ್ಲಿ ಕಾಲಿಟ್ಟುಕೊಂಡೇ ಹೇಳಿದಳು, "ಅತ್ತೆ, ನಾನು ಹೋಗಿ ಕೇಳಿದೆ."

"ಏನಂದ್ರು?"

"ನಿನಗ್ಯಾಕಮ್ಮ ಅದು, ನಿನಗೆ ಕೈಯಲ್ಲೇ ಇದೆಯಲ್ಲ ಅಂದ್ರು."

"ಹೊಗಳಿದ್ರು ಅನ್ನು."

"ಹೊಗಳಿ ಬಾಗಿಲು ಹಾಕಿದ್ರು. ಹನ್ನೆರಡನೇ ಕ್ಲಾಸು ಪಾಸಾಗಿರಬೇಕಂತೆ. ನಂದು ಏಳಕ್ಕೇ ಮುಗೀತಲ್ಲ." ಸ್ವಲ್ಪ ಹೊತ್ತು ನೀರಿನಲ್ಲಿ ಕಾಲು ಆಡಿಸಿದಳು. "ನಿಮ್ಮ ಕಿರಿಸೊಸೆ ಹೋಗ್ತಾಳೆ. ಅವಳು ಪಾಸಾಗಿ ಬಂದ್ರೆ ಗಾಜಿನ ಗೂಡು ಅವಳಿಗೆ. ಆಗದೇ ಬಂದ್ರೆ ಹಳಬರಲ್ಲಿ ನಾನೇ ಮೊದಲು ಅಂತ ಮ್ಯಾನೇಜರು ಬಾಯಿಬಿಟ್ಟು ಹೇಳಿದಾರೆ."

ನಮ್ಮ ಮನೆಯಲ್ಲಿ ಅವತ್ತಿನಿಂದ ಸಾರಿನ ಸೌಟಿಗೂ ಸದ್ದು ಜಾಸ್ತಿಯಾಯಿತು.

ಪೆಟ್ಟಿಗೆ ಕಟ್ಟುವ ದಿನ ಕಿರಿಯವಳ ಕೋಟಿಗೆ ಇಸ್ತ್ರಿ ಹಾಕಿದ್ದು ಹಿರಿಯವಳೇ. ಯಾರೂ ಹೇಳಿರಲಿಲ್ಲ. ತೋಳಿನ ಮಡಿಕೆಯನ್ನು ಕತ್ತಿಯ ಅಂಚಿನ ಹಾಗೆ ಒತ್ತುತ್ತ ಅಂದಳು, "ಹುಷಾರು ತಾಯಿ, ವಿಮಾನದಲ್ಲಿ ಸೆಕೆ ಅಂತ ಕಿಟಕಿ ತೆಗೆದುಬಿಟ್ಟೀಯ."

ಕಿರಿಯವಳು ನಕ್ಕಳು. "ಅಕ್ಕ, ನಿಮಗೇನು ತರಲಿ?"

"ಒಂದು ಜೊತೆ ಕಾಲು ಸಿಕ್ಕಿದ್ರೆ ತಗೊಂಡು ಬಾ. ಅಳತೆ ಏಳು."

ಕಿರಿಯವಳ ನಗು ಅರ್ಧಕ್ಕೇ ನಿಂತಿತು. ನಾನು ಪೆಟ್ಟಿಗೆಯ ಬೀಗ ಹುಡುಕುವವಳಂತೆ ಎದ್ದು ಹೋದೆ.

ಅವಳು ಹೋದ ಮೇಲೆ ದಿನಾ ಮಧ್ಯಾಹ್ನ ಫೋನು ಬರುತ್ತಿತ್ತು. ಅಲ್ಲಿ ಆಗಷ್ಟೇ ಬೆಳಗಾಗಿರುತ್ತಿತ್ತು. ಮುಖ ಕಾಣುವ ಫೋನು. ನನ್ನ ಕಿರಿಯ ಮಗ ಕೆಲಸದಲ್ಲಿ ಇರುತ್ತಿದ್ದುದರಿಂದ ಅವಳು ಕಲಿತದ್ದನ್ನೆಲ್ಲ ನನಗೇ ಹೇಳುತ್ತಿದ್ದಳು. ಹೇಳಿದರೆ ಅವಳಿಗೂ ನೆನಪು ಉಳಿಯುತ್ತದಂತೆ. ನಾಲ್ಕನೇ ಕ್ಲಾಸು ಓದಿದ ನನಗೆ ತಲೆಬುಡ ತಿಳಿಯದು ಅಂದುಕೊಂಡಿದ್ದೆ. ಆದರೆ ನಿಧಾನವಾಗಿ ಕೇಳಿದರೆ ತಿಳಿಯದ ಮಾತು ಅದರಲ್ಲಿ ಅಷ್ಟೇನೂ ಇರಲಿಲ್ಲ. ಒಂದು ತುಂಡು ನಾನೂರು ಗ್ರಾಂ, ಇನ್ನೊಂದು ಐನೂರು. ಸರಾಸರಿ ತೆಗೆದರೆ ನಾನೂರೈವತ್ತೇ ಬರುತ್ತದೆ. ಆದರೆ ಎರಡೂ ಕೆಟ್ಟ ತುಂಡು. ಅದಕ್ಕೇ ಸರಾಸರಿಯನ್ನು ಮಾತ್ರ ನೋಡಬಾರದು, ಅಂಕಿಗಳು ಎಷ್ಟು ಚದುರಿವೆ ಎಂದೂ ನೋಡಬೇಕು. ನಮ್ಮ ಮನೆಯದೇ ಲೆಕ್ಕ ಅನ್ನಿ. ಒಬ್ಬ ಸೊಸೆಗೆ ಕೋಪವೇ ಬರುವುದಿಲ್ಲ, ಇನ್ನೊಬ್ಬಳಿಗೆ ಇಬ್ಬರ ಪಾಲಿನದೂ ಬರುತ್ತದೆ. ಸರಾಸರಿಯಲ್ಲಿ ಶಾಂತವಾದ ಮನೆ.

ಹಿರಿಯವಳ ಪಾಳಿ ಮಧ್ಯಾಹ್ನಕ್ಕೆ ಮುಗಿಯುವ ವಾರಗಳಲ್ಲಿ ಅವಳೂ ಮನೆಯಲ್ಲಿರುತ್ತಿದ್ದಳು. ಫೋನಿನ ಹತ್ತಿರ ಬರುತ್ತಿರಲಿಲ್ಲ. ಹಿತ್ತಲ ಬಾಗಿಲಲ್ಲಿ ಬಟ್ಟೆ ಹಿಂಡುತ್ತಿದ್ದಳು, ಒಂದೇ ಟವೆಲನ್ನು ನಾಲ್ಕು ಸಲ. ಫೋನು ಇಟ್ಟ ಮೇಲೆ ಒಳಗೆ ಬಂದು, ಗೋಡೆಯನ್ನು ಕೇಳುವವಳಂತೆ, "ಏನಂತೆ?" ಎನ್ನುತ್ತಿದ್ದಳು. ನಾನು ಹೇಳುತ್ತಿದ್ದೆ. ಚದುರಿಕೆಯ ಪಾಠ ಕೇಳಿ ಅವಳು ಅಂದದ್ದು ಇಷ್ಟೇ, "ಎರಡೂ ಕೆಟ್ಟ ತುಂಡು ಅನ್ನೋದನ್ನ ಕಲಿಯೋಕೆ ವಿಮಾನ ಹತ್ತಬೇಕಿತ್ತಾ? ನನ್ನ ಮೇಜಿನ ಹತ್ರ ಬಂದು ನಿಂತಿದ್ರೆ ಐದು ನಿಮಿಷದ ಮಾತು."

ಕಿರಿಯವಳು ಒಮ್ಮೆ ತರಗತಿಯ ಚಿತ್ರ ಕಳಿಸಿದಳು. ಹಿರಿಯವಳು ಅದನ್ನು ಬೆರಳಿನಿಂದ ಹಿಗ್ಗಿಸಿ ಹಿಗ್ಗಿಸಿ ನೋಡಿದಳು. ಮುಖ ನೋಡಲಿಲ್ಲ. "ಕುರ್ಚಿ ನೋಡಿ ಅತ್ತೆ. ಮೊಣಕೈ ಊರೋಕೂ ಜಾಗ ಇದೆ."

"ಅದು ಕಾಲೇಜಿನ ಕುರ್ಚಿ. ಅವಳು ಹೊತ್ತುಕೊಂಡು ಬರಲ್ಲ."

"ಹೊರೋದು ಬೇಡ. ಇಲ್ಲಿ ಅವಳಿಗೋಸ್ಕರ ಒಂದು ಕಾಯ್ತಾ ಇದೆಯಲ್ಲ," ಎಂದು ಫೋನನ್ನು ನನ್ನ ಮಡಿಲಿಗೆ ಹಾಕಿ ಹೋದಳು. ಅಕ್ಕಪಕ್ಕದವರು ಯಾರಾದರೂ "ನಿಮ್ಮ ಓರಗಿತ್ತಿ ಪರದೇಶದಲ್ಲಿ ಇದ್ದಾಳಂತೆ" ಎಂದರೆ, "ಹೌದು, ಅಲ್ಲಿ ಬ್ರೆಡ್ಡು ಎಣಿಸೋದು ಕಲಿಸ್ತಾರಂತೆ" ಎನ್ನುತ್ತಿದ್ದಳು. ಹೊಟ್ಟೆಕಿಚ್ಚಿಗೆ ಹೊಗೆ ಬರುವುದಿಲ್ಲ ಎಂದು ಯಾರು ಹೇಳಿದರೋ. ನಮ್ಮ ಅಡುಗೆಮನೆಯಲ್ಲಿ ಕಣ್ಣು ಬಿಡುವ ಹಾಗಿರಲಿಲ್ಲ.

ಐದನೇ ವಾರದಲ್ಲಿ ಕಿರಿಯವಳು ಹಿರಿಯವಳನ್ನೇ ಫೋನಿಗೆ ಕರೆದಳು. ಕೋರ್ಸಿನ ಕೊನೆಗೆ ಪ್ರತಿಯೊಬ್ಬರೂ ತಮ್ಮ ಕೆಲಸದ ಜಾಗದ ನಿಜವಾದ ಅಂಕಿಗಳನ್ನು ತರಿಸಿ ವರದಿ ಬರೆಯಬೇಕಂತೆ. ಅದರ ಮೇಲೆಯೇ ಪಾಸು, ಫೇಲು.

"ಅಕ್ಕ, ದಿನಕ್ಕೆ ಮೂವತ್ತು ತುಂಡು, ಹತ್ತು ದಿನ. ನೋಡಿ ಆರಿಸಬಾರದು. ಯಾವ ಮೇಜಿನದೇ ಆಗಲಿ, ಪ್ರತಿ ನಲವತ್ತನೇ ತುಂಡು ತೂಗಿ ಬರೀಬೇಕು. ಕಚೇರಿಯವರನ್ನ ಕೇಳಿದ್ರೆ ಕೂತಲ್ಲೇ ಬರೆದು ಕಳಿಸ್ತಾರೆ. ನೀವಾದ್ರೆ ನನಗೆ ನಂಬಿಕೆ."

"ಆಗಲಿ," ಎಂದಳು ಹಿರಿಯವಳು. ನನಗೆ ಆಶ್ಚರ್ಯವಾಯಿತು. ಹತ್ತು ದಿನವೂ ಊಟದ ಬಿಡುವು ಬಿಟ್ಟು ತೂಗಿದಳು. ಬರೆದ ಹಾಳೆಗೆ ಹಿಟ್ಟಿನ ಕೈ ತಾಗದ ಹಾಗೆ ಪ್ಲಾಸ್ಟಿಕ್ಕಿನ ಚೀಲದಲ್ಲಿಟ್ಟು ತಂದಳು. ನನ್ನ ಹಿರಿಯ ಮಗ ಅದರ ಫೋಟೋ ತೆಗೆದು ಕಳಿಸಿದ. ಸದ್ಯ, ಕೆಂಡ ಆರಿತು ಎಂದುಕೊಂಡೆ.

ಕಳಿಸಿದ ನಾಲ್ಕನೇ ದಿನ ಕಿರಿಯವಳ ಮುಖ ಫೋನಿನಲ್ಲಿ ಊದಿಕೊಂಡಿತ್ತು.

"ಅತ್ತೆ, ಈ ಅಂಕಿ ಸುಳ್ಳು ಅಂತಿದಾರೆ ಮೇಡಂ."

"ಯಾವ ಅಂಕಿ?"

"ಅಕ್ಕ ಕಳಿಸಿದ್ದು. ಮುನ್ನೂರು ತುಂಡಿನಲ್ಲಿ ಒಂದಾದ್ರೂ ನಾನೂರ ನಲವತ್ತೆಂಟಕ್ಕಿಂತ ಕೆಳಗಿಲ್ಲ, ನಾನೂರ ಐವತ್ತೆರಡಕ್ಕಿಂತ ಮೇಲಿಲ್ಲ. ಮನುಷ್ಯರ ಕೈ ಹೀಗೆ ಕತ್ತರಿಸಲ್ಲ, ಯಾರೋ ಕೂತು ಬರೆದದ್ದು ಅಂತಾರೆ. ಸುಳ್ಳು ಅಂಕಿ ಕೊಟ್ಟವರನ್ನ ಪಾಸು ಮಾಡಲ್ಲ. ಮೂರು ದಿನದಲ್ಲಿ ಉತ್ತರ ಕೊಡಬೇಕು." ಮೂಗು ಒರೆಸಿಕೊಂಡಳು. "ಅಕ್ಕನ್ನ ಕೇಳಿ ಅತ್ತೆ. ನಾನು ಕೇಳಿದ್ರೆ ಬೇರೆ ಅರ್ಥ ಆಗುತ್ತೆ."

ಹಿರಿಯವಳು ಬಾಗಿಲಲ್ಲಿ ನಿಂತು ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ಹಿಂಡುತ್ತಿದ್ದ ಟವೆಲಿನಿಂದ ನೀರು ಅವಳ ಪಾದದ ಮೇಲೇ ಸುರಿಯುತ್ತಿತ್ತು. ನಾನು ಏನೂ ಕೇಳಲಿಲ್ಲ. ಬೇಯುವುದನ್ನು ಮುಚ್ಚಳ ತೆಗೆದು ತೆಗೆದು ನೋಡಿದರೆ ಬೇಯುವುದು ತಡವಾಗುತ್ತದೆ ಅಷ್ಟೆ.

ಎರಡನೇ ದಿನ ನಾನು ಬಟ್ಟೆ ಮಡಿಸುತ್ತಿದ್ದಾಗ ಅವಳು ಬಂದು ಎದುರಿಗೆ ಕೂತು ಒಂದು ಚಾದರದ ತುದಿ ಹಿಡಿದಳು.

"ಅತ್ತೆ, ಅವಳು ಫೇಲಾದ್ರೆ?"

"ಆದ್ರೆ ಗಾಜಿನ ಗೂಡು ನಿನಗೆ. ನೀನೇ ಹೇಳಿದ್ದೆಯಲ್ಲ."

"ನಾನು ಏನೂ ಮಾಡೋದೇ ಬೇಡ. ಸುಮ್ಮನಿದ್ರೆ ಸಾಕು."

"ಸಾಕು."

ಚಾದರವನ್ನು ಮಡಿಸಿದೆವು. ಇನ್ನೊಂದನ್ನು ಮಡಿಸಿದೆವು.

"ನಾನು ಒಂದು ಅಂಕಿನೂ ಸುಳ್ಳು ಬರೆದಿಲ್ಲ, ಅತ್ತೆ."

"ನೀನು ಬರೆದೆ ಅಂತ ನಾನು ಅಂದ್ನಾ?"

"ಆ ಹೆಂಗಸು ಅಂದಳಲ್ಲ! ಮನುಷ್ಯರ ಕೈ ಹೀಗೆ ಕತ್ತರಿಸಲ್ಲ ಅಂತ. ನಾನು ಮತ್ತೇನು, ದೆವ್ವನಾ? ನಾಳೆ ಇವಳು ಫೇಲಾಗಿ ಬರ್ತಾಳೆ, ನಾನು ಕುರ್ಚಿ ಮೇಲೆ ಕೂರ್ತೀನಿ. ಆ ದೇಶದಲ್ಲಿ ಮಾತ್ರ ನನ್ನ ಕೈ ಸುಳ್ಳು ಅಂತಲೇ ಉಳಿದುಹೋಗುತ್ತೆ." ಎದ್ದಳು. "ಮನೆಯಲ್ಲಿ ಎಷ್ಟು ಹಿಟ್ಟಿದೆ?"

ಇದ್ದದ್ದು ಆರು ಕಿಲೋ. ಅಂಗಡಿಯಿಂದ ಇನ್ನೂ ಮೂರು ತರಿಸಿದಳು. ಮೂರನೇ ದಿನ ಮಧ್ಯಾಹ್ನ ದೊಡ್ಡ ಪಾತ್ರೆಯಲ್ಲಿ ನಾದಿ, ಊಟದ ಮೇಜನ್ನು ತಿಕ್ಕಿ ತೊಳೆದು, ಮುದ್ದೆ ಹರಡಿದಳು. ಕಾರ್ಖಾನೆಯ ತಕ್ಕಡಿಯೊಂದನ್ನು ಕೇಳಿ ತಂದಿದ್ದಳು. ಫೋನು ಹಿಡಿಯುವುದು ನನ್ನ ಪಾಲಿಗೆ ಬಂತು.

"ಅವಳಿಗೆ ಹೇಳಿ, ಆ ಮೇಡಮ್ಮನ್ನ ಕರೀಲಿ. ಬೇಕಾದ್ರೆ ಇಡೀ ಕ್ಲಾಸನ್ನ ಕರೀಲಿ."

ಇಡೀ ಕ್ಲಾಸು ಬಂತು. ಫೋನಿನ ಚೌಕದಲ್ಲಿ ತಲೆಗಳು ಒಂದರ ಮೇಲೊಂದು. ಮುಂದೆ ಬಿಳಿ ಕೂದಲಿನ ಮೇಡಂ, ನನ್ನದೇ ವಯಸ್ಸು ಇರಬಹುದು, ಕನ್ನಡಕವನ್ನು ಹಣೆಗೆ ಏರಿಸಿಕೊಂಡಿದ್ದಳು. ಪಕ್ಕದಲ್ಲಿ ನಮ್ಮ ಕಿರಿಯವಳು.

ಹಿರಿಯವಳು ಕತ್ತರಿಸಿದಳು. ಒಂದೊಂದು ತುಂಡನ್ನೂ ತಕ್ಕಡಿಗೆ ಹಾಕಿ, ಅಂಕಿ ಕಾಣುವ ಹಾಗೆ ನನ್ನ ಕೈಯನ್ನು ಎಳೆದು ತೋರಿಸಿದಳು. ನಾನೂರೈವತ್ತು. ನಾನೂರೈವತ್ತು. ನಾನೂರ ನಲವತ್ತೊಂಬತ್ತು. ಏಳನೆಯದಕ್ಕೆ ಅಲ್ಲಿ ಯಾರೋ ಶಿಳ್ಳೆ ಹಾಕಿದರು. ಹನ್ನೆರಡನೆಯದಕ್ಕೆ ಮೇಡಂ ಕನ್ನಡಕವನ್ನು ಕಣ್ಣಿಗೆ ಇಳಿಸಿದಳು. ಇಪ್ಪತ್ತು ಮುಗಿದಾಗ ಎಲ್ಲರೂ ಚಪ್ಪಾಳೆ ತಟ್ಟಿದರು. ಹಿರಿಯವಳ ಮುಖ ಕಿವಿಯವರೆಗೂ ಕೆಂಪೇರಿತು. ಹತ್ತೊಂಬತ್ತು ವರ್ಷದಲ್ಲಿ ಆ ಕೈಗೆ ಚಹಾ ಸಿಕ್ಕಿತ್ತು, ಚಪ್ಪಾಳೆ ಸಿಕ್ಕಿರಲಿಲ್ಲ.

ಆಮೇಲೆ ಮೇಡಂ ಏನೋ ಕೇಳಿದಳು. ಕಿರಿಯವಳು ಕನ್ನಡದಲ್ಲಿ ಹೇಳಿದಳು, "ಅಕ್ಕ, ನಾಲ್ಕೂ ಮೇಜಿನವರು ಹೀಗೇ ಕತ್ತರಿಸ್ತಾರಾ ಅಂತ ಕೇಳ್ತಿದಾರೆ." ಜೊತೆಗೆ ತಾನೇ ಸೇರಿಸಿದಳು, "ನಾಲ್ಕೂ ಮೇಜಿಂದ ತೂಗಿದ್ರಿ ಅಲ್ವಾ?"

ಹೌದು ಎಂದಿದ್ದರೆ ಮುಗಿಯುತ್ತಿತ್ತು. ಚಪ್ಪಾಳೆಯ ಬಿಸಿ ಇನ್ನೂ ಆರಿರಲಿಲ್ಲ, ಯಾರೂ ಮತ್ತೆ ಕೇಳುತ್ತಿರಲಿಲ್ಲ. ಹಿರಿಯವಳು ತಗಡಿಗೆ ಅಂಟಿದ ಹಿಟ್ಟನ್ನು ಹೆಬ್ಬೆರಳಿನಿಂದ ಕೆರೆದಳು.

"ಇಲ್ಲ. ನನ್ನ ಮೇಜಿಂದು ಮಾತ್ರ."

"ಅಕ್ಕ!"

"ಏನು ಅಕ್ಕ? ಮೂರನೇ ಮೇಜಿನ ಆ ಬಾಯಿಬಡುಕನ ತುಂಡನ್ನ ಪರದೇಶಕ್ಕೆ ಕಳಿಸಲಾ? ಒಂದು ನಾನೂರ ಮೂವತ್ತು, ಇನ್ನೊಂದು ನಾನೂರ ಎಪ್ಪತ್ತು. ಹೊರಗಿನವರ ಮುಂದೆ ಮನೆಯ ಹರಕು ಚಾಪೆ ಹಾಸ್ತಾರೇನೇ?" ಧ್ವನಿ ಇಳಿಯಿತು. "ಮತ್ತೆ, ಅವನದನ್ನ ನನ್ನದರ ಜೊತೆ ಕಲಸಿ ಸರಾಸರಿ ತೆಗೆದ್ರೆ ನನ್ನ ಕೈ ಎಲ್ಲಿ ಕಾಣುತ್ತೆ? ನೀನೊಬ್ಬಳೇ ಹೋದೆ. ಅಲ್ಲಿಗೆ ನಂದೂ ಏನಾದರೊಂದು ಹೋಗಲಿ ಅನ್ನಿಸ್ತು."

ಅಲ್ಲಿ ಯಾರಿಗೂ ಕನ್ನಡ ಬಾರದು. ಎಲ್ಲರೂ ಕಿರಿಯವಳ ಬಾಯಿಯನ್ನೇ ನೋಡುತ್ತಿದ್ದರು. ಅವಳು ತಲೆ ತಗ್ಗಿಸಿ, ಮೆಲ್ಲಗೆ, ಎಲ್ಲವನ್ನೂ ಆ ಭಾಷೆಯಲ್ಲಿ ಹೇಳಿದಳು. ಎಷ್ಟು ಹೇಳಿದಳೋ, ಎಷ್ಟು ನುಂಗಿದಳೋ. ಮೇಡಂ ನಗಲಿಲ್ಲ, ಗದರಿಸಲೂ ಇಲ್ಲ. ಅಂಕಿ ನಿಜ, ಆರಿಸಿದ್ದು ತಪ್ಪು ಎಂದಳಂತೆ. ಒಂದು ವಾರ ಹೆಚ್ಚಿಗೆ ಕೊಟ್ಟಳು. ನಾಲ್ಕು ಮೇಜಿನದನ್ನೂ ತೂಗಿ, ಕಲಸದೆ, ಬೇರೆ ಬೇರೆ ಬರೆದು ತೋರಿಸಬೇಕು.

ಆ ವಾರ ಹಿರಿಯವಳು ತನ್ನ ಪಾಳಿ ಮುಗಿದ ಮೇಲೂ ನಿಂತು ಉಳಿದ ಮೂರು ಮೇಜಿನದನ್ನು ತೂಗಿದಳು. ಬಾಯಿಬಡುಕ, "ಏನು ತಕ್ಕಡಿ ಮೇಡಂ, ನನ್ನ ಮಾನ ಎಲ್ಲಿಗೆ ಕಳಿಸ್ತಿದೀರಾ?" ಎಂದು ರೇಗಿಸಿದನಂತೆ. "ವಿಮಾನದಲ್ಲಿ ಕಳಿಸ್ತೀನಿ, ಖುಷಿಪಡು" ಎಂದಳಂತೆ ಇವಳು. ನಮ್ಮ ಮನೆಯಲ್ಲಿ ಆ ಒಂಬತ್ತು ಕಿಲೋ ಹಿಟ್ಟಿನ ರೊಟ್ಟಿ ನಾಲ್ಕು ದಿನ ನಡೆಯಿತು. ಕೊನೆಗೆ ನನ್ನ ಮಕ್ಕಳಿಬ್ಬರೂ ತಟ್ಟೆ ಕಂಡರೆ ಮುಖ ತಿರುಗಿಸುತ್ತಿದ್ದರು.

ಕಿರಿಯವಳು ಪಾಸಾದಳು. ಬಂದ ಮಾರನೇ ವಾರವೇ ಗಾಜಿನ ಗೂಡಿನಲ್ಲಿ ಕೂತಳು.

ಹಿರಿಯವಳು ಅವತ್ತು ಬೋಗುಣಿಯ ನೀರು ತಣ್ಣಗಾದರೂ ಕಾಲು ತೆಗೆಯಲಿಲ್ಲ. ನಾನು ಬಿಸಿನೀರು ತಂದು ಸುರಿದೆ. ಸಮಾಧಾನ ಹೇಳಲಿಲ್ಲ. ತಾನೇ ಕೊಟ್ಟದ್ದಕ್ಕೆ ತಾನೇ ಉರಿಯುವವರಿಗೆ ಯಾವ ಮಾತು ಹೇಳಿದರೂ ತುಪ್ಪ ಸುರಿದ ಹಾಗೆ.

ಕಿರಿಯವಳಾದರೂ ಸುಖವಾಗಿದ್ದಾಳೆ ಅಂದುಕೊಂಡಿದ್ದೆ. ಒಂದು ದಿನ ಪೆಟ್ಟಿಗೆಯಿಂದ ಉಳಿದ ಬಟ್ಟೆ ತೆಗೆಯುತ್ತ, ನನ್ನ ಕಡೆ ನೋಡದೆ ಅಂದಳು, "ಅತ್ತೆ, ಅಲ್ಲಿ ಕೊನೇ ದಿನ ಎಲ್ಲರ ವರದಿನೂ ಗೋಡೆಗೆ ಹಾಕಿದ್ರು. ನನ್ನ ವರದಿ ಮೇಲೆ ಯಾರ ಫೋಟೋ ಇತ್ತು ಗೊತ್ತಾ?"

"ನಿಂದು."

"ಅಕ್ಕನ ಕೈದು. ಫೋನಿನಲ್ಲಿ ತೆಗೆದಿದ್ದು. ಬೀಳ್ಕೊಡೋವಾಗ ಎಲ್ಲರೂ ಆ ಕೈಗೆ ನಮಸ್ಕಾರ ಹೇಳು, ಆ ಕೈ ಹೇಗಿದೆ, ಅಂತಾನೇ. ಎಂಟು ವಾರ ಬೇರೆ ಭಾಷೇಲಿ ಒದ್ದಾಡಿ ಓದಿದ್ದು ನಾನು. ನನ್ನ ಹೆಸರೇ ಅರ್ಧ ಜನಕ್ಕೆ ನೆನಪಿರಲಿಲ್ಲ." ಕೋಟನ್ನು ಉಂಡೆ ಮಾಡಿ ಮೂಲೆಗೆ ಎಸೆದಳು. ಅದರ ತೋಳಿನ ಮಡಿಕೆ ಎಂದೋ ಹೋಗಿತ್ತು.

ಸಮಪಾಲಾಯಿತಲ್ಲ ಎಂದು ನನಗೆ ನಗು ಬಂತು. ಅವಳ ಮುಖ ನೋಡಿ ನುಂಗಿಕೊಂಡೆ.

ಕಾರ್ಖಾನೆಯ ಗೋಡೆಗೆ ನಾಲ್ಕು ಮೇಜಿನ ನಾಲ್ಕು ನಕ್ಷೆ ಬಂದವು. ದಿನದ ತೂಕಕ್ಕೆ ದಿನಾ ಚುಕ್ಕೆ ಇಡುವುದು. ಹಿರಿಯವಳು ಮೊದಲ ದಿನವೇ ಗೂಡಿನ ಬಾಗಿಲು ತಟ್ಟಿದಳಂತೆ. ಊಟದ ಹೊತ್ತಿಗೆ ಇಬ್ಬರೂ ನನ್ನ ಮುಂದೆ ಅದನ್ನೇ ಮತ್ತೆ ಎತ್ತಿದರು.

"ನನ್ನ ಮೇಜಿನ ಚುಕ್ಕೆ ನಾನೇ ಇಡ್ತೀನಿ ಅಂದ್ರೆ ಏನು ಕಷ್ಟ ಇವಳಿಗೆ?"

"ಕತ್ತರಿಸಿದವರೇ ಬರೆಯೋ ಹಾಗಿಲ್ಲ ಅಕ್ಕ. ನಿಯಮ."

"ಹಾಗಾದ್ರೆ ಉಳಿದ ಮೂರು ಮೇಜಿಂದು ನಾನು ಬರೀತೀನಿ. ಬರೆಯೋಷ್ಟು ಹೊತ್ತು ಒಳಗೆ ಕೂತು ಬರೀತೀನಿ. ನನ್ನದನ್ನ ನೀನು ಬರಿ."

ಕಿರಿಯವಳು ಅನ್ನ ಕಲಸುವುದನ್ನು ನಿಲ್ಲಿಸಿದಳು. "ಮ್ಯಾನೇಜರನ್ನ ಕೇಳ್ತೀನಿ."

"ಕೇಳು. ನಾನು ಆಗಲೇ ಕೇಳಿ ಬಂದೆ. ದಿನಕ್ಕೆ ಒಂದು ಗಂಟೆ ಅಂದ್ರು."

ಹಾಗೆ ಗೂಡಿನೊಳಗೆ ಇನ್ನೊಂದು ಕುರ್ಚಿ ಹೋಯಿತು. ಮಡಚುವ ಕುರ್ಚಿ, ಮೊಣಕೈ ಊರುವುದಕ್ಕೆ ಏನೂ ಇಲ್ಲ. ಒಂದು ಗಂಟೆ ಕೂರುತ್ತಾಳೆ, ಏಳು ಗಂಟೆ ನಿಲ್ಲುತ್ತಾಳೆ. ಕಿರಿಯವಳು ತನ್ನ ಕುರ್ಚಿಯನ್ನು ಬಿಟ್ಟುಕೊಡಲಿಲ್ಲ. ಹಿರಿಯವಳು ಕೇಳಲೂ ಇಲ್ಲ.

ನಿನ್ನೆ ಸಂಜೆ ಹಿರಿಯವಳು ಚಪ್ಪಲಿ ಬಿಡದೆಯೇ ನನ್ನ ಹತ್ತಿರ ಬಂದು ಕೂತಳು.

"ಅತ್ತೆ, ಇವತ್ತು ನಂದೊಂದು ನಾನೂರ ಅರವತ್ತೊಂದು ಬಂತು."

"ಬರಲಿ ಬಿಡು. ಕೈ ಅಲ್ವಾ?"

"ಅದರ ಮುಂದಿಂದು ತೂಗು ಅಂದೆ. ಬಂದದ್ದನ್ನ ಬಂದ ಹಾಗೇ ಬರೀಬೇಕು ಅಕ್ಕ ಅಂದಳು. ಬರೆದಳು. ಕೆಂಪು ಪೆನ್ನಲ್ಲಿ."

"ನಿಯಮ ಇದ್ದೀತು."

"ಇದೆ. ಅದು ನನಗೂ ಗೊತ್ತು, ತೂಕ ತಪ್ಪಿದ್ರೆ ಮೂರನೇ ಮೇಜಿನವನಿಗೆ ನಾನೂ ಕೆಂಪಲ್ಲೇ ಇಡೋದು." ಚಪ್ಪಲಿಯ ಪಟ್ಟಿ ಬಿಚ್ಚಿದಳು. ಪಾದದ ಮೇಲೆ ಅದರ ಗುರುತು ಆಳವಾಗಿ ಮೂಡಿತ್ತು. "ಬರೆಯೋವಾಗ ನಕ್ಕಳು ಅತ್ತೆ."

"ನಗಲಿ."

"ನಗಲಿ. ನಾಳೆ ಮೂವತ್ತು ತುಂಡು ತೂಗ್ತಾಳಲ್ಲ, ಆಗ ನಗಲಿ ನೋಡೋಣ," ಎಂದು ನೀರು ಕಾಯಿಸಲು ಎದ್ದಳು.